ನಿಂತ ಗಡಿಯಾರ ಮತ್ತು ಕೊಟ್ರವ್ವನ ಕಿವಿ

ಕಾವ್ಯಾ, ಶಶೀ,

ಹೋದ ವಾರ ಕಾವ್ಯ ನೌಕರಿ ಸಿಕ್ಕಿತೆಂದು ಪೇಡೆಯ ಪೊಟ್ಟಣ ಹಿಡಿದು ಬಂದಾಗ ನಾನು ಹೆಚ್ಚು ಮಾತಾಡಲಿಲ್ಲ. ನಾನು ಯಾವಾಗ ಹೆಚ್ಚು ಮಾತಾಡಿದ್ದೇನೆ? ಕಾವ್ಯಾ, ನೀನೇ ಹೇಳಿದೆ: "ಅಜ್ಜಿ, ಗಾರ್ಮೆಂಟ್ಸ್ ಕಾರ್ಖಾನೆ ಅಂದ್ರೆ ನಾನು ಹೊಲಿಯೋದಲ್ಲ. ಯಾರನ್ನ ಕೆಲ್ಸಕ್ಕೆ ತಗೋಬೇಕು, ಯಾರು ಬ್ಯಾಡ ಅಂತ ನೋಡೋದು ನನ್ನ ಕೆಲ್ಸ." ಅಂದರೆ ಮೇಜಿನ ಆ ಕಡೆಯ ಕುರ್ಚಿ. ನಮ್ಮ ಮನೆತನದಲ್ಲಿ ಆ ಕುರ್ಚಿಯ ಮೇಲೆ ಕೂತವರು ಇಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಎಲ್ಲರೂ ಈ ಕಡೆ ನಿಂತವರೇ. ಈ ಕಡೆಯಿಂದ ಆ ಕುರ್ಚಿ ಹೇಗೆ ಕಾಣುತ್ತದೆ ಎಂಬುದನ್ನು ಯಾರಾದರೂ ಹೇಳಬೇಕಲ್ಲ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೆ ಬರೆಯುತ್ತಿದ್ದೇನೆ. ಮಲೆಬೆನ್ನೂರಿನ ಹತ್ತಿರದ ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು ನಾನು. ತಪ್ಪು ಕಂಡಲ್ಲಿ ತಿದ್ದಿಕೊಳ್ಳಿ. ನಗು ಬಂದರೆ ನನ್ನ ಎದುರಿಗೆ ಮಾತ್ರ ನಗಬೇಡಿ.

ನಿಮ್ಮ ತಾತ ವಿಷಮಶೀತ ಜ್ವರದಲ್ಲಿ ಹೋದಾಗ ನಿಮ್ಮಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ನನ್ನ ಜೊತೆಗೆ ಉಳಿದವಳು ನಿಮ್ಮ ತಾತನ ತಂಗಿ ಕೊಟ್ರವ್ವ, ನೀವು ಕೊಟ್ರಜ್ಜಿ ಎಂದು ಕರೆಯುತ್ತಿದ್ದವಳು. ಅವಳಿಗೂ ಒಂದು ಜ್ವರ ಬಂದಿತ್ತು, ಏಳೆಂಟು ವರ್ಷದವಳಿದ್ದಾಗ. ಆ ಜ್ವರ ಅವಳನ್ನು ಬಿಟ್ಟು ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಅಷ್ಟರೊಳಗೆ ಮಾತು ಕಲಿತಿದ್ದರಿಂದ ಮಾತು ಉಳಿಯಿತು. ಆದರೆ ತನ್ನ ದನಿ ತನಗೇ ಕೇಳದ್ದರಿಂದ ಅವಳು ಗುಟ್ಟು ಹೇಳಿದರೂ ಓಣಿಗೆಲ್ಲ ಗೊತ್ತಾಗುತ್ತಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಉಳಿದದ್ದಕ್ಕೆಲ್ಲ ಕೈ ಇತ್ತು. ಕಿವುಡಿಯೆಂದು ಅವಳನ್ನು ಯಾರೂ ಮದುವೆಯಾಗಲಿಲ್ಲ. ಬೇಸರದಲ್ಲಿದ್ದಾಗ ತನ್ನಿಂದ ತಪ್ಪಿಸಿಕೊಂಡ ಆ ಗಂಡುಗಳ ಅದೃಷ್ಟವನ್ನು ಅವಳು ಕೈಯಲ್ಲೇ ಅಣಕಿಸಿ ತೋರಿಸುತ್ತಿದ್ದಳು.

ಹಳ್ಳಿ ಬಿಟ್ಟು ದಾವಣಗೆರೆಗೆ ಬಂದು, ಆನೆಕೊಂಡದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ನಾವಿಬ್ಬರೂ ಮಿಲ್ಲಿನ ಗೇಟಿಗೆ ಹೋಗಿ ನಿಂತೆವು. ಐವತ್ತರ ದಶಕದ ಮಾತು. ಆಗ ದಾವಣಗೆರೆಯಲ್ಲಿ ಹತ್ತಿಯ ದೂಳು ಬೀಳದ ತಲೆಯೇ ಇರಲಿಲ್ಲ. ಯಾವ ಮಿಲ್ಲು ಎಂದು ಬರೆಯುವುದಿಲ್ಲ.

ಆಗೆಲ್ಲ ಕೆಲಸಕ್ಕೆ ತೆಗೆದುಕೊಳ್ಳುವವನು ಜಾಬರ್. ಮಿಲ್ಲಿನ ಒಂದೊಂದು ಖಾತೆಗೂ, ಅಂದರೆ ವಿಭಾಗಕ್ಕೂ, ಒಬ್ಬ ಮೇಸ್ತ್ರಿ ಇರುತ್ತಿದ್ದ, ಅವನನ್ನೇ ಜಾಬರ್ ಎನ್ನುವುದು. ಹೆಂಗಸರು ಕೆಲಸ ಮಾಡುವ ರೀಲಿಂಗ್ ಖಾತೆಯ ಜಾಬರ್ ಹನುಮಂತಪ್ಪ. ಗೇಟಿನ ಹೊರಗೆ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿ, ಬೆರಳುಗಳನ್ನು ಮಡಿಚಿಸಿ ಬಿಡಿಸಿ, ಕಣ್ಣು ಅಗಲಿಸಿ ನೋಡುತ್ತಿದ್ದ. ಹಲ್ಲು ಎಣಿಸಲಿಲ್ಲ, ಅದೊಂದು ಉಪಕಾರ. ನಾವು ಅತ್ತಿಗೆ ನಾದಿನಿ ಬಂದಿದ್ದೇವೆ, ಇಬ್ಬರಲ್ಲಿ ಒಬ್ಬಳಿಗೆ ಕಿವಿ ಕೇಳುವುದಿಲ್ಲ ಎಂದು ಯಾರೋ ಅವನಿಗೆ ಮೊದಲೇ ಚಾಡಿ ಹೇಳಿದ್ದರು. ಹನುಮಂತಪ್ಪ ಮೀಸೆ ತೀಡುತ್ತ ನನ್ನ ಎದುರು ನಿಂತ.

"ಏನವ್ವ, ಹೆಸ್ರೇನು?"

ನಾನು ಕಾಲಿನ ಹೆಬ್ಬೆರಳು ನೋಡಿದೆ.

"ಯಾವೂರು?"

ಇನ್ನೊಂದು ಕಾಲಿನ ಹೆಬ್ಬೆರಳು ನೋಡಿದೆ. ಪರಗಂಡಸಿನ ಮುಖ ನೋಡಿ ಮಾತಾಡಿ ನನಗೆ ಅಭ್ಯಾಸವೇ ಇರಲಿಲ್ಲ. ಕೊಟ್ರವ್ವನಿಗೆ ಮುಖ ನೋಡದೆ ಬೇರೆ ದಾರಿ ಇರಲಿಲ್ಲ. ಅವಳು ಅವನ ಮೀಸೆಯ ಕೆಳಗೇ ಕಣ್ಣು ನೆಟ್ಟು, ಅವನು ತನ್ನ ಕಡೆ ತಿರುಗಿ ಕೇಳಿ ಮುಗಿಸುವ ಮೊದಲೇ, ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟು ದೊಡ್ಡದಾಗಿ ಹೇಳಿದಳು: "ಕೊಟ್ರವ್ವ ರೀ! ಕೆಲ್ಸ ಮಾಡ್ತೀನ್ರಿ! ದಿನಾ ಬರ್ತೀನ್ರಿ!"

ಹನುಮಂತಪ್ಪ ತನ್ನ ಜಾಣತನಕ್ಕೆ ತಾನೇ ತಲೆದೂಗಿದ. "ಈಕಿ ಚುರುಕು ಅದಾಳೆ, ಇರ್ಲಿ. ಆಕಿ ನೋಡು, ಪಾಪ, ಪೂರಾ ಕಿವುಡು. ಕಿವುಡ್ರನ್ನ ತಗೊಂಡು ನಾವೇನು ಮಾಡಾನ? ಮೆಷಿನ್ನಿಗೆ ಸಿಕ್ಕೊಂಡು ಸತ್ರೆ ಪೊಲೀಸ್ರು ನನ್ನ ಮನಿಗೆ ಬರ್ತಾರೆ. ಮನಿಗೆ ಕಳ್ಸು ತಾಯಿ."

ಹೀಗೆ ಮಿಲ್ಲಿನವರು ಕಿವುಡರು ಬೇಡವೆಂಬ ತಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಕಿವಿ ಕೇಳುವ ನನ್ನನ್ನು ಮನೆಗೆ ಕಳಿಸಿ, ಕೊಟ್ರವ್ವನನ್ನು ಒಳಗೆ ಕರೆದುಕೊಂಡರು.

ಒಂದೆರಡು ತಿಂಗಳ ನಂತರ ಅವಳೇ ಅವನನ್ನು ಕಾಡಿ ನನ್ನನ್ನೂ ಸೇರಿಸಿದಳು. "ನಮ್ಮತ್ತಿಗಿಗೂ ಕೊಡ್ರಿ. ಕೇಳದಿದ್ರೆ ನಾನು ಕೈಯಾಗೆ ಹೇಳ್ತೀನ್ರಿ" ಎಂದಳಂತೆ. ಹನುಮಂತಪ್ಪನ ಕರುಣೆ ಉಕ್ಕಿತು. ಕಿವುಡಿಯೆಂಬ ಕನಿಕರದ ಮೇಲೆ, ಚೆನ್ನಾಗಿ ಕಿವಿ ಕೇಳುವ ನಾದಿನಿಯ ಜವಾಬ್ದಾರಿಯಲ್ಲಿ, ನನಗೆ ಕೆಲಸ ಸಿಕ್ಕಿತು.

ನಿಜ ಹೊರಬಿದ್ದದ್ದು ಫಾತಿಮಾಬಿಯಿಂದ. ಅವಳು ನಮ್ಮ ಪಕ್ಕದ ಯಂತ್ರದವಳು, ಬಾಯಿ ತೆರೆದರೆ ನಗೆಚಾಟಿಕೆ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಬೆನ್ನ ಹಿಂದೆ ಕೂತು ಹನುಮಂತಪ್ಪನ ಮೀಸೆಯ ಮೇಲೆ ಏನೋ ಅಂದಳು. ನಾನು ಕಿಸಕ್ಕನೆ ನಕ್ಕೆ. ಮೀಸೆಯೂ ಅಲ್ಲೇ ನಿಂತಿತ್ತು.

"ಅಲಲಾ, ನಿಂಗೆ ಕಿವಿ ಕೇಳತೈತೇನು?"

ನಾನು ಹೆಬ್ಬೆರಳು ನೋಡಿದೆ. ಫಾತಿಮಾಬಿಯೇ ಹೇಳಿದಳು: "ಜಾಬರ್ ಸಾಬ್, ಇವ್ಳಿಗೆ ಕೇಳತೈತೆ, ಅವ್ಳಿಗೆ ಕೇಳಂಗಿಲ್ಲ. ಖಾತೆಗೆಲ್ಲ ಗೊತ್ತೈತೆ. ನಿಮಗೆ ಯಾರೂ ಹೇಳಿಲ್ಲೇನು?"

ಹನುಮಂತಪ್ಪ ಸ್ವಲ್ಪ ಹೊತ್ತು ಕೊಟ್ರವ್ವನ ಕಡೆ, ಸ್ವಲ್ಪ ಹೊತ್ತು ನನ್ನ ಕಡೆ ನೋಡಿದ. ಅವಳು ಅಷ್ಟರಲ್ಲಿ ಖಾತೆಯ ಕೆಲಸವನ್ನೆಲ್ಲ ಕಲಿತಿದ್ದಳು. ಅವಳನ್ನು ಕೆಲಸ ಬಿಡಿಸಬೇಕೆಂದರೆ ತಾನು ಗೇಟಿನಲ್ಲಿ ಮಾಡಿದ ಪರೀಕ್ಷೆಯ ಕಥೆಯನ್ನು ಆಫೀಸಿಗೆ ಹೋಗಿ ಹೇಳಬೇಕಾಗುತ್ತಿತ್ತು. "ಯಾರಿಗೂ ಹೇಳಬ್ಯಾಡ್ರಿ" ಎಂದು ಹೋದ. ತಪ್ಪು ಮೇಲಿನವರದಾದರೆ ಅದಕ್ಕೆ ಗುಟ್ಟು ಎಂದು ಹೆಸರು. ನಮ್ಮದಾದರೆ ಮೋಸ.

ರೀಲಿಂಗ್ ಎಂದರೆ ಏನೆಂದು ನಿಮಗೆ ಗೊತ್ತಿರಲಾರದು. ನೂಲಿನ ಕಂಡಿಕೆಗಳನ್ನು ಸಾಲಾಗಿ ಸಿಕ್ಕಿಸಿ, ಅದರ ಎಳೆಗಳನ್ನು ಅಗಲವಾದ ರಾಟೆಯ ಮೇಲೆ ಸುತ್ತಿ ಲಡಿ ಮಾಡುವುದು. ಎಳೆ ಹರಿದರೆ ಕೂಡಲೇ ಕಂಡು, ರಾಟೆ ನಿಲ್ಲಿಸಿ, ಗಂಟು ಹಾಕಬೇಕು. ಕಣ್ಣು ಬೇಕು, ಬೆರಳು ಬೇಕು, ಸಂಜೆಯವರೆಗೆ ನಿಲ್ಲುವ ಕಾಲು ಬೇಕು. ಕಿವಿ? ನಮ್ಮ ಖಾತೆಗೂ ಗಂಡಸರ ನೂಲುವ ಯಂತ್ರಗಳ ಖಾತೆಗೂ ನಡುವೆ ಗೋಡೆಯೇ ಇರಲಿಲ್ಲ. ಆ ಗದ್ದಲದಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರೂ ಉಸಿರು ಬಿಸಿಯಾಗಿ ತಾಗುತ್ತಿತ್ತೇ ಹೊರತು ಮಾತು ತಾಗುತ್ತಿರಲಿಲ್ಲ. ಯಾರ ಮಾತೂ ಯಾರಿಗೂ ಕೇಳದ ಆ ಜಾಗಕ್ಕೆ, ಕಿವಿ ಕೇಳುವವರೇ ಬೇಕೆಂದು ಗೇಟಿನಲ್ಲಿ ಆರಿಸುತ್ತಿದ್ದರು.

ಒಳಗೆ ಎಲ್ಲರೂ ಕೈಯಲ್ಲೇ ಮಾತಾಡಬೇಕಿತ್ತು. ಕೈಮಾತಿನಲ್ಲಿ ಕೊಟ್ರವ್ವನಷ್ಟು ಪಳಗಿದವರು ಇರಲಿಲ್ಲವಾದ್ದರಿಂದ ನಮ್ಮ ಮನೆಯ ಸನ್ನೆಗಳೇ ಖಾತೆಯ ಸನ್ನೆಗಳಾದವು. ಎರಡು ಬೆರಳು ಚಿವುಟಿ ಬಿಟ್ಟರೆ ಎಳೆ ಹರಿದಿದೆ. ಮೂಗಿನ ಕೆಳಗೆ ಬೆರಳು ತೀಡಿದರೆ ಹನುಮಂತಪ್ಪ ಬರುತ್ತಿದ್ದಾನೆ. ತಲೆಯ ಮೇಲೆ ಅಂಗೈ ಇಟ್ಟರೆ ಟೋಪಿಯ ಮ್ಯಾನೇಜರು. ಗೇಟಿನ ಹೊರಗೆ ಬಾಯಿ ಬಿಡಲಾರದ ನಾನು ಒಳಗೆ ಎಷ್ಟು ಹರಟೆ ಹೊಡೆದಿದ್ದೇನೆ ಎಂದರೆ, ಮನೆಗೆ ಬಂದರೆ ಮೊಣಕೈ ನೋಯುತ್ತಿತ್ತು.

ಸೈರನ್ ಮಾತ್ರ ಕೊಟ್ರವ್ವನಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳುತ್ತೀರಿ. ಷೆಡ್ಡಿನ ಗಾಜಿನ ಮಾಡಿನ ಮೇಲೆ ಪಾರಿವಾಳಗಳು ಕೂರುತ್ತಿದ್ದವು. ಸೈರನ್ ಆದರೆ ಸಾಕು, ಎಲ್ಲವೂ ಒಟ್ಟಿಗೆ ಎದ್ದು ಹಾರುತ್ತಿದ್ದವು. ಅವುಗಳ ನೆರಳು ನಮ್ಮ ಯಂತ್ರಗಳ ಮೇಲೆ ಹಾಯುತ್ತಿತ್ತು. ಅವಳು ರಾಟೆ ನಿಲ್ಲಿಸುತ್ತಿದ್ದಳು.

ಇಲ್ಲಿಯವರೆಗೆ ಓದಿದ ನೀವು ಒಂದು ಕಥೆ ಕಾಯುತ್ತಿರಬಹುದು: ಯಾವತ್ತೋ ಮಿಲ್ಲಿಗೆ ಬೆಂಕಿ ಬಿತ್ತು, ಕೊಟ್ರಜ್ಜಿ ಮೊದಲು ಕಂಡು ಎಲ್ಲರನ್ನೂ ಉಳಿಸಿದಳು ಎಂದು. ಬೆಂಕಿ ಬೀಳಲಿಲ್ಲ. ಅವಳು ಯಾರನ್ನೂ ಉಳಿಸಲಿಲ್ಲ. ಎಲ್ಲರಂತೆ ಕೆಲಸ ಮಾಡಿದಳು, ಎಲ್ಲರಂತೆ ಬೆನ್ನುನೋವೆಂದು ಗೊಣಗಿದಳು, ಹಬ್ಬದ ಮರುದಿನ ಎಲ್ಲರಂತೆ ಲಡಿ ಕೆಡಿಸಿ ಬೈಸಿಕೊಂಡಳು. ಕಿವಿಯಿದ್ದವರಿಗೆ ಕೆಲಸ ಸಿಗಲು ಬೆಂಕಿ ಆರಿಸಬೇಕಾಗಿಲ್ಲ. ಇಲ್ಲದವರಿಂದ ಮಾತ್ರ ಯಾಕೆ ಅಷ್ಟು ಬಯಸುತ್ತಾರೋ.

ಕೆಲವು ವರ್ಷ ಹೀಗೆ ಹೋಯಿತು. ಹಳೆಯ ಮ್ಯಾನೇಜರ್ ಹೋಗಿ ಹೊಸಬರು ಬಂದರು. ಊರು ಯಾವುದೋ ದೂರದ್ದು, ಮಾತು ಪುಸ್ತಕದ್ದು. ಎಲ್ಲವನ್ನೂ ಪದ್ಧತಿಯ ಪ್ರಕಾರ ಮಾಡಬೇಕು ಎಂದರು. ರೀಲಿಂಗ್ ಖಾತೆಯಲ್ಲಿ ಒಬ್ಬ ಕಿವುಡಿ ಇದ್ದಾಳೆಂದು ಅವರ ಕಿವಿಗೂ ಬಿತ್ತು. ಯಾರೆಂದು ಹನುಮಂತಪ್ಪನನ್ನು ಕೇಳಿದರೆ, ಅವನು ತನ್ನ ಮಾನ ಉಳಿಸಿಕೊಳ್ಳಲು ಗೊತ್ತಿಲ್ಲ ಎಂದ. ಹಾಗಾದರೆ ಖಾತೆಯವರನ್ನೆಲ್ಲ ಡಾಕ್ಟರು ಪರೀಕ್ಷೆ ಮಾಡಲಿ, ಕಿವುಡಿಯೆಂದು ಸಿಕ್ಕವಳನ್ನು ಬಿಡಿಸಿಬಿಡೋಣ ಎಂದಾಯಿತು.

ನಾವು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಕೊಟ್ರವ್ವನ ಕೆಲಸ ಹೋದರೆ ಒಂದು ಕೋಣೆಯ ಬಾಡಿಗೆಯೂ ನನ್ನೊಬ್ಬಳಿಂದ ಆಗದು. ಅವಳನ್ನು ಬೇರೆ ಯಾವ ಮಿಲ್ಲಿನವರೂ ಸೇರಿಸುವುದಿಲ್ಲ. ಮತ್ತೆ ಹಳ್ಳಿಗೆ ಹೋಗಿ ಯಾರದೋ ಅಂಗಳದಲ್ಲಿ ಅನ್ನಕ್ಕಾಗಿ ಕಸ ಗುಡಿಸಬೇಕು. ಪರೀಕ್ಷೆಯ ದಿನ ಡಾಕ್ಟರು ಬರುವ ಮೊದಲೇ ಮಿಲ್ಲಿನ ದವಾಖಾನೆಯ ಮುಂದೆ ಸಾಲು ನಿಂತಾಗ ಫಾತಿಮಾಬಿ ಎಲ್ಲರಿಗೂ ಉಪದೇಶ ಮಾಡಿದಳು: "ಡಾಕ್ಟರ್ ಏನೇ ಕೇಳಿದ್ರೂ ಹೂಂ ಅನ್ರಿ. ಹೂಂ ಅನ್ನೋರನ್ನ ಯಾವ ಮಿಲ್ಲೂ ಬಿಡ್ಸಲ್ಲ." ನಾನು ಕೊಟ್ರವ್ವನಿಗೆ ಅದನ್ನು ಕೈಯಲ್ಲಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ಅಂದಳು: "ನಾನ್ಯಾಕ ಸುಳ್ಳು ಹೇಳ್ಲಿ? ಕೇಳಲ್ಲ ಅಂದ್ರೆ ಕೇಳಲ್ಲ! ಲಡಿ ಮಾಡಾಕ ಬರತೈತಿಲ್ಲ ನೋಡ್ಲಿ!" ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಮುಗಿಯಿತು ಅಂದುಕೊಂಡೆ.

ಡಾಕ್ಟರು ತಮ್ಮ ಜೇಬಿನ ಗಡಿಯಾರವನ್ನು ಒಬ್ಬೊಬ್ಬರ ಕಿವಿಯ ಹತ್ತಿರ ಹಿಡಿದು "ಕೇಳಿಸುತ್ತಾ?" ಎಂದು ಹುಬ್ಬು ಏರಿಸುತ್ತಿದ್ದರು. ಫಾತಿಮಾಬಿ "ಭಾಳ ಜೋರಾಗಿ ಕೇಳತೈತ್ರಿ" ಎಂದಳು. ಅವಳ ಹಿಂದಿನವಳು ಅದಕ್ಕಿಂತ ಜೋರಾಗಿ ಕೇಳುತ್ತಿದೆ ಎಂದಳು. ನನಗೆ ಏನೂ ಕೇಳಲಿಲ್ಲ. ಹೂಂ ಎಂದು ತಲೆಯಾಡಿಸಿದೆ. ಸಾಲಿನ ಕೊನೆಗೆ ಕೊಟ್ರವ್ವ. ಗಡಿಯಾರ ಕಿವಿಗೆ ಬಂತು, ಹುಬ್ಬು ಏರಿತು.

"ಇಲ್ರಿ!" ಎಂದಳು. ಡಾಕ್ಟರು ಬೆಚ್ಚಿ ಗಡಿಯಾರ ಬೀಳಿಸಿಕೊಳ್ಳುವವರಿದ್ದರು. "ಏನೂ ಕೇಳಲ್ರಿ!"

ಡಾಕ್ಟರು ಎದ್ದು ನಿಂತು ಮ್ಯಾನೇಜರನ್ನು ಕರೆದರು. ಮುಖ ಗೆಲುವಿನಿಂದ ಹೊಳೆಯುತ್ತಿತ್ತು. "ನೋಡಿ ಸಾರ್, ಈ ಹೆಂಗಸರು ಸುಳ್ಳು ಹೇಳ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಕೆಟ್ಟು ನಿಂತ ಗಡಿಯಾರ ತಂದಿದ್ದೆ. ಎಲ್ಲರೂ ಕೇಳುತ್ತೆ ಅಂದರು! ನಿಂತ ಗಡಿಯಾರ ಕೇಳಿಸ್ತಿಲ್ಲ ಅಂತ ಸರಿಯಾಗಿ ಹೇಳಿದವಳು ಈಕೆ ಒಬ್ಬಳೇ. ಇಡೀ ಖಾತೆಯಲ್ಲಿ ಇಷ್ಟು ಒಳ್ಳೆಯ ಕಿವಿ ಇನ್ನೊಂದಿಲ್ಲ."

ಹಾಗೆಯೇ ಬರೆದುಕೊಟ್ಟರು. ಕೊಟ್ರವ್ವನ ಕಿವಿ ಬಹಳ ಚೆನ್ನಾಗಿದೆ. ನಿಂತ ಗಡಿಯಾರ ಕೇಳಿತೆಂದ ಉಳಿದವರೆಲ್ಲರ ಕಿವಿಯೂ ಮಂದ. ಮ್ಯಾನೇಜರು ಕಿವುಡಿಯೊಬ್ಬಳನ್ನು ಹಿಡಿಯಲು ಬಲೆ ಬೀಸಿದ್ದರು. ಅವಳು ಆಚೆ ನಿಂತಳು, ಖಾತೆಯೆಲ್ಲ ಒಳಗೆ ಬಿತ್ತು. ಪದ್ಧತಿಯ ಪ್ರಕಾರ ನಮ್ಮೆಲ್ಲರನ್ನೂ ಬಿಡಿಸಬೇಕು, ಬಿಡಿಸಿದರೆ ಲಡಿ ಮಾಡುವವರಿಲ್ಲ. ಆ ಕಾಗದ ಅವರ ಮೇಜಿನ ಡ್ರಾಯರಿಗೆ ಹೋಯಿತು. ನಾವು ಯಂತ್ರಗಳಿಗೆ ಹೋದೆವು. ದಾರಿಯಲ್ಲಿ ಫಾತಿಮಾಬಿ ಕೊಟ್ರವ್ವನ ಕಿವಿ ಹಿಂಡಿ, "ಇದಕ್ಕೆ ಗಾಜಿನ ಕಟ್ಟು ಹಾಕ್ಸಿ ಇಡಬೇಕು" ಎಂದಳು.

ನಕ್ಕಿದ್ದೇನೋ ನಿಜ. ಆದರೆ ಡಾಕ್ಟರು ಅರಿಯದೆ ಒಂದು ಸತ್ಯವನ್ನೂ ಬರೆದಿದ್ದರು. ನಮ್ಮ ಕಿವಿ ಆಗಲೇ ಮಂದವಾಗತೊಡಗಿತ್ತು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಅವ್ವಾ ಎಂದರೆ ನನಗೆ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಕೇಳುತ್ತಿತ್ತು. ಹತ್ತಿ ಹಿಂಜುವ ಖಾತೆಯಲ್ಲಿ ಬೆರಳು ಕಳೆದುಕೊಂಡವರನ್ನು "ಇನ್ನು ನಿನ್ನ ಕೈಲಿ ಆಗಲ್ಲಪ್ಪ" ಎಂದು ಮನೆಗೆ ಕಳಿಸುತ್ತಿದ್ದರು. ಕೆಮ್ಮು ಹಿಡಿದವರದೂ ಅದೇ ಗತಿ. ಅಂಗವಿಕಲರನ್ನು ತಯಾರಿಸುವುದರಲ್ಲಿ ನಮ್ಮ ಮಿಲ್ಲು ಯಾರಿಗೂ ಕಡಿಮೆ ಇರಲಿಲ್ಲ. ಇಟ್ಟುಕೊಳ್ಳುವುದರಲ್ಲಿ ಮಾತ್ರ ಅದಕ್ಕೆ ಸಂಕೋಚ.

ಅರವತ್ತರ ದಶಕ ಬಂತು. ಗಾಳಿ ಬದಲಾಯಿತು. ಅಂಗವಿಕಲರಿಗೆ ಕೆಲಸ ಕೊಟ್ಟ ಮಾಲೀಕರನ್ನು ಹರಿಹರದಲ್ಲಿ ಒಂದು ಸಭೆ ಮಾಡಿ ಸನ್ಮಾನಿಸುತ್ತಾರೆ, ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಬರುತ್ತಾರೆ ಎಂದು ಸುದ್ದಿಯಾಯಿತು. ನಮ್ಮ ಸಾಹುಕಾರರಿಗೆ ಕೂಡಲೇ ಅಂಗವಿಕಲರ ಮೇಲೆ ಪ್ರೀತಿ ಹುಟ್ಟಿತು. ಮಿಲ್ಲೆಲ್ಲ ಹುಡುಕಿಸಿದರು. ಇದ್ದವರನ್ನೆಲ್ಲ ತಾವೇ ಕಳಿಸಿಬಿಟ್ಟಿದ್ದರಿಂದ ಒಬ್ಬರೂ ಸಿಗಲಿಲ್ಲ. ಆಗ ಹನುಮಂತಪ್ಪ ಮೀಸೆ ತೀಡಿಕೊಂಡು, ಇಷ್ಟು ವರ್ಷ ಕಾಪಾಡಿದ ಗುಟ್ಟನ್ನು ದಾನ ಮಾಡಿದ.

ಕೊಟ್ರವ್ವನನ್ನು ದವಾಖಾನೆಗೆ ಕರೆಸಿದರು. ಕೈಮಾತಿಗೆಂದು ನಾನೂ ಹೋದೆ. ಒಬ್ಬಳಿಗೆ ಕಿವಿಯಿಲ್ಲ, ಇನ್ನೊಬ್ಬಳಿಗೆ ಬಾಯಿಲ್ಲ ಎಂದು ಅವರು ನಮ್ಮೆದುರೇ ಮಾತಾಡಿದರು.

"ಡಾಕ್ಟರೇ, ಈಕೆ ಕಿವುಡಿ ಅಂತ ಬರೆದುಕೊಡಿ" ಎಂದರು ಮ್ಯಾನೇಜರು.

"ಕಿವಿ ಬಹಳ ಚೆನ್ನಾಗಿದೆ ಅಂತ ನಾನೇ ಬರೆದಿದ್ದೀನಲ್ಲ ಸಾರ್."

"ಆಮೇಲೆ ಹೋಯಿತು ಅಂತ ಬರೀರಿ."

"ಆಮೇಲೆ ಅಂದರೆ ಮಿಲ್ಲಿನಲ್ಲೇ ಹೋಯಿತು ಅಂತಾಗುತ್ತೆ. ಪರಿಹಾರ ಕೇಳಿದರೆ?"

ಮ್ಯಾನೇಜರು ಬೆವರು ಒರೆಸಿಕೊಂಡರು. "ಬೇಡ, ಬೇಡ. ಹುಟ್ಟಿನಿಂದಲೇ ಅಂತ ಬರೀರಿ."

"ಹುಟ್ಟಿನಿಂದ ಕಿವುಡಿ, ನಡುವೆ ಸ್ವಲ್ಪ ದಿನ ಚೆನ್ನಾಗಿ ಕೇಳುತ್ತಿತ್ತು, ಈಗ ಮತ್ತೆ ಕಿವುಡಿ. ಹೀಗೆ ಬರೆಯೋದೇ?"

"ಬೇಕಾದರೆ ದೈವೇಚ್ಛೆ ಅಂತ ಸೇರಿಸಿ."

ಏನು ಹೇಳುತ್ತಿದ್ದಾರೆ ಎಂದು ಕೊಟ್ರವ್ವ ಕೈಯಲ್ಲಿ ಕೇಳಿದಳು. ನಿನ್ನ ಕಿವಿಯ ಬೆಲೆ ಕಟ್ಟುತ್ತಿದ್ದಾರೆ ಎಂದು ನಾನು ಕೈಯಲ್ಲಿ ಹೇಳಿದೆ.

ಹರಿಹರಕ್ಕೆ ನಮ್ಮನ್ನು ಮ್ಯಾನೇಜರ ಕಾರಿನಲ್ಲೇ ಕರೆದುಕೊಂಡು ಹೋದರು. ಊರ ಹತ್ತಿರ ನೀರು ಕಂಡಾಗ ಕೊಟ್ರವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೊಳೆಗೆ ಕೈಮುಗಿದಳು. ಸಭೆಯಲ್ಲಿ ಅವಳನ್ನು ವೇದಿಕೆಯ ಮೇಲೆ ಕೂರಿಸಿ, ನನ್ನನ್ನು ಅವಳ ಕಾಲಬುಡದಲ್ಲಿ ಕೂರಿಸಿದರು. ಸಾಹುಕಾರರು ಭಾಷಣ ಮಾಡಿದರು. ದೇವರು ಕೈಬಿಟ್ಟವರನ್ನು ನಾವು ಕೈಹಿಡಿದೆವು, ಈಕೆ ಕಿವುಡಿಯೆಂದು ತಿಳಿದೇ ಅನ್ನ ಕೊಟ್ಟೆವು ಎಂದರು. ಮೈಕು ಅವರ ಬಾಯಿಗೆ ಅಡ್ಡವಾಗಿತ್ತು, ಕೊಟ್ರವ್ವನಿಗೆ ತುಟಿ ಕಾಣಲಿಲ್ಲ. "ಏನಂತೆ?" ಎಂದು ಕೈಯಲ್ಲಿ ಕೇಳಿದಳು. ನಾನು ಮೂಗಿನ ಕೆಳಗೆ ಮೀಸೆ ತೀಡಿ, ಅವಳಿಗೆ ಗೇಟಿನ ಪರೀಕ್ಷೆ ನೆನಪಿಸಿದೆ. ಅವಳು ತುಂಬಿದ ಸಭೆಯಲ್ಲಿ ಗಹಗಹಿಸಿ ನಕ್ಕಳು. ಸಾಹುಕಾರರು ಅದನ್ನು ಕೃತಜ್ಞತೆ ಎಂದುಕೊಂಡು ಕಣ್ಣು ಒದ್ದೆ ಮಾಡಿಕೊಂಡರು. ಫೋಟೋ ತೆಗೆದರು. ಸಾಹುಕಾರರಿಗೆ ಒಂದು ಶಾಲು, ಅವಳಿಗೂ ಒಂದು ಶಾಲು.

ಸನ್ಮಾನದ ಬಿಲ್ಲು ಮರುದಿನ ಬಂತು. ನಾವು ಖಾತೆಗೆ ಹೋದಾಗ ಅವಳ ಯಂತ್ರದ ಮುಂದೆ ಬೇರೊಬ್ಬ ಹುಡುಗಿ ನಿಂತಿದ್ದಳು. ಷೆಡ್ಡಿನ ಹೊರಗೆ ಕುಡಿಯುವ ನೀರಿನ ಗಡಿಗೆಗಳ ಪಕ್ಕ ಒಂದು ಸ್ಟೂಲು ಇಟ್ಟಿದ್ದರು. ಕೊಟ್ರವ್ವ ಇನ್ನು ಅಲ್ಲಿ ಕೂತು ಬಂದವರಿಗೆ ನೀರು ಕೊಡುವುದು, ಸಂಬಳ ಅದಕ್ಕೆ ತಕ್ಕಂತೆ.

ಅವಳು ನನ್ನನ್ನು ಎಳೆದುಕೊಂಡು ಮ್ಯಾನೇಜರ ಹತ್ತಿರ ಹೋದಳು. "ನನ್ ಮೆಷಿನ್ ಕೊಡ್ರಿ!" ಎಂದಳು.

"ನಿನ್ನ ಒಳ್ಳೆಯದಕ್ಕೇ ಅಮ್ಮಾ" ಎಂದು ಅವರು ಬಹಳ ಮೃದುವಾಗಿ, ಅವಳಿಗೆ ತುಟಿ ಕಾಣದಂತೆ ಕಾಗದದ ಕಡೆ ಬಾಗಿ ಹೇಳಿದರು. "ನೀನು ಕಿವುಡಿ ಅಂತ ಈಗ ದಾಖಲೆಯಾಗಿದೆ. ಕಿವುಡರನ್ನು ಯಂತ್ರದ ಹತ್ತಿರ ಬಿಡುವಂತಿಲ್ಲ. ಆರಾಮಾಗಿ ಕೂತಿರು."

ನಾನು ಬಾಗಿಲ ಹತ್ತಿರ ನಿಂತು ಹೆಬ್ಬೆರಳು ನೋಡಿದೆ.

ಕಿವುಡಿಯೆಂದು ಯಾರಿಗೂ ಗೊತ್ತಿಲ್ಲದಾಗ ಅವಳು ಕೆಲಸದವಳಾಗಿದ್ದಳು. ಗೊತ್ತಾಗಿ ಶಾಲು ಹೊದಿಸಿದ ಮೇಲೆ ನೀರಿನ ಗಡಿಗೆಗಿಂತ ಸ್ವಲ್ಪ ಮೇಲು, ಅಷ್ಟೇ. ಸಂಬಳ ಹೋದದ್ದಕ್ಕಿಂತ ಬೇರೆ ನೋವು ಅವಳಿಗಿತ್ತು. ಖಾತೆಯ ಒಳಗೆ ಅವಳ ಕೈಮಾತು ಎಲ್ಲರಿಗೂ ಬರುತ್ತಿತ್ತು. ಯಂತ್ರದ ಮುಂದೆ ನಿಂತು ಅವಳು ಇಡೀ ಖಾತೆಯ ಜೊತೆ ಮಾತಾಡುತ್ತಿದ್ದಳು. ಸ್ಟೂಲಿನ ಮೇಲೆ ಅವಳ ಎದುರಿಗಿದ್ದದ್ದು ಗೋಡೆ. ಒಂದು ಸಂಜೆ ಮನೆಗೆ ಬಂದು ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದಳು. "ಅತ್ತಿಗಿ, ಕೈ ಮೂಕಾಗ್ಯಾವೆ" ಎಂದಳು.

ನಾನು ಅದನ್ನು ಫಾತಿಮಾಬಿಗೆ ಹೇಳಿದೆ. ಅವಳು "ಕಿವುಡ್ರನ್ನ ಮೆಷಿನ್ ಹತ್ರ ಬಿಡಂಗಿಲ್ಲಂತೇನು? ಡಾಕ್ಟರ್ ಸಾಬ್ ನಮ್ಮ ಬಗ್ಗೆ ಬರ್ದಿದ್ದು ಡ್ರಾಯರ್‌ನಾಗೆ ಐತಲ್ಲ" ಎಂದು ನಗಲು ಶುರುಮಾಡಿದಳು. ಆ ನಗೆ ಮಾರನೆಯ ದಿನ ಕೈಯಿಂದ ಕೈಗೆ ಖಾತೆಯನ್ನೆಲ್ಲ ಸುತ್ತಿತು. ನೀರಿಗೆ ಬಂದವರಿಗೆಲ್ಲ ಕೊಟ್ರವ್ವನೇ ಲೋಟ ಕೊಡುತ್ತ, ಇನ್ನೊಂದು ಕೈಯಲ್ಲಿ ಸುದ್ದಿ ಕೊಟ್ಟಳು. ಹನುಮಂತಪ್ಪ ಪಕ್ಕದಲ್ಲೇ ನಿಂತು ನೀರು ಕುಡಿದು ಹೋದ.

ಅದರ ಮರುದಿನ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ನೀರಿನ ಗಡಿಗೆಗಳ ಸುತ್ತ ಕೂತೆವು. ಸೈರನ್ ಕೂಗಿತು. ಮಾಡಿನ ಮೇಲಿನ ಪಾರಿವಾಳಗಳು ಎದ್ದವು. ಕೊಟ್ರವ್ವ ತಲೆಯೆತ್ತಿ ನೋಡಿ, ಸೆರಗು ಸಿಕ್ಕಿಸಿಕೊಂಡು, ನೇರ ಒಳಗೆ ಹೋಗಿ ತನ್ನ ಯಂತ್ರದ ಮುಂದೆ ನಿಂತು ರಾಟೆ ಓಡಿಸಿದಳು. ನಾವು ಯಾರೂ ಏಳಲಿಲ್ಲ.

ಹನುಮಂತಪ್ಪ ಓಡಿ ಬಂದ. "ಏಳ್ರೇ ಯವ್ವಾ, ಸೈರನ್ ಆತು!"

ಫಾತಿಮಾಬಿ ಕಿವಿಗೆ ಅಂಗೈ ಇಟ್ಟಳು. "ಏನಂದ್ರಿ?"

"ಸೈರನ್, ಸೈರನ್!"

"ಜೋರಾಗಿ ಹೇಳ್ರಿ ಸಾಬ್, ಮೀಸೆ ಅಡ್ಡ ಬರತೈತೆ."

ಮ್ಯಾನೇಜರೇ ಬಂದರು. ಟೋಪಿ ಇರಲಿಲ್ಲ, ಮುಖ ಕೆಂಪಾಗಿತ್ತು. ನಾನು ಹಿಂದೆಲ್ಲೋ ಕೂರಬೇಕೆಂದಿದ್ದವಳು, ಜಾಗ ಸಿಗದೆ ಎಲ್ಲರಿಗಿಂತ ಮುಂದೆ ಕೂತಿದ್ದೆ. "ಏನಿದು? ಸೈರನ್ ಕೇಳಲಿಲ್ಲವೇ?" ಎಂದು ನನ್ನನ್ನೇ ಕೇಳಿದರು. ಹೆಬ್ಬೆರಳು ನೋಡಲು ಹೋದೆ. ಕೂತಿದ್ದರಿಂದ ಸೀರೆಯೊಳಗೆ ಹೆಬ್ಬೆರಳು ಕಾಣಲಿಲ್ಲ. ಬೇರೆ ದಾರಿಯಿಲ್ಲದೆ ಅವರ ಮುಖವನ್ನೇ ನೋಡಿದೆ.

"ಇಲ್ರಿ ಸಾಹೇಬ್ರೇ" ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. "ನಮ್ಮ ಕಿವಿ ಮಂದ ಅಂತ ನಿಮ್ಮ ಡಾಕ್ಟ್ರೇ ಬರ್ದಾರೆ. ಕಿವುಡ್ರನ್ನ ಮೆಷಿನ್ ಹತ್ರ ಬಿಡಂಗಿಲ್ಲ ಅಂತ ನೀವೇ ಅಂದೀರಿ. ಅದಕ್ಕೆ ನಮಗೂ ಸ್ಟೂಲ್ ಕೊಡ್ತೀರಿ ಅಂತ ಕಾಯ್ತಾ ಕುಂತೀವಿ."

ಮ್ಯಾನೇಜರು ಒಳಗಿನ ಕಡೆ ಕೈ ತೋರಿಸಿ, "ಹಾಗಾದರೆ ಅಲ್ಲಿ ಒಂದು ರಾಟೆ ತಿರುಗ್ತಾ ಇದೆಯಲ್ಲ, ಅದು ಯಾರು?" ಎಂದರು.

"ಕೊಟ್ರವ್ವ ರೀ. ಆಕಿ ಕಿವಿ ಭಾಳ ಚೆನ್ನಾಗೈತೆ ಅಂತ ಬರ್ದಾರಲ್ರಿ. ಆಕಿಗೆ ಸೈರನ್ ಕೇಳ್ತು, ಹೋದ್ಲು."

ಯಾರೂ ನಗಲಿಲ್ಲ. ಅಷ್ಟು ಹೆಂಗಸರು ಒಟ್ಟಿಗೆ ನಗದೆ ಕೂತದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಮ್ಯಾನೇಜರು ಆ ರಾಟೆಯನ್ನು ನೋಡುತ್ತ ನಿಂತರು. ಕೊಟ್ರವ್ವ ಒಂದು ಎಳೆ ಹರಿದದ್ದನ್ನು ಕಂಡು, ರಾಟೆ ನಿಲ್ಲಿಸಿ, ಗಂಟು ಹಾಕಿ, ಮತ್ತೆ ಓಡಿಸಿದಳು. ಅವರು ಬಂದದ್ದನ್ನು ನೋಡಲೇ ಇಲ್ಲವೆಂಬಂತೆ ಬೆನ್ನು ತಿರುಗಿಸಿಕೊಂಡಿದ್ದಳು.

"ಅವಳ ಯಂತ್ರ ಅವಳಿಗೇ ಇರಲಿ. ಏಳಿ" ಎಂದರು ಕೊನೆಗೆ, ಬಹಳ ಮೆಲ್ಲಗೆ. ಮೆಲ್ಲಗೆ ಹೇಳಿದರೂ ಆ ಮಾತು ಎಲ್ಲ ಮಂದ ಕಿವಿಗಳಿಗೂ ಚೆನ್ನಾಗಿ ಕೇಳಿಸಿತು.

ಅಂಗವಿಕಲಳ ಮನಸ್ಸಿಗೆ ನೋವಾಗಬಾರದೆಂದು ಮಿಲ್ಲು ಮತ್ತೊಮ್ಮೆ ಉದಾರತೆ ತೋರಿತು ಎಂದು ಆಮೇಲೆ ಆಫೀಸಿನಲ್ಲಿ ಹೇಳಿಕೊಂಡರಂತೆ. ಹೇಳಿಕೊಳ್ಳಲಿ. ಆ ಸ್ಟೂಲಿನ ಮೇಲೆ ಹನುಮಂತಪ್ಪ ಕೂರುತ್ತಿದ್ದ. ಕೊಟ್ರವ್ವ ಕೈಲಾಗುವವರೆಗೂ ಆ ಯಂತ್ರದ ಮುಂದೆ ನಿಂತಳು.

ಈಗ ಸರಸ್ವತಿ ನಗರದ ಈ ಮನೆಯಲ್ಲಿ ನೀವು ಅಡುಗೆಮನೆಯಿಂದ ಕರೆದರೆ ನಾನು ತಿರುಗುವುದಿಲ್ಲ. ಅಜ್ಜಿಗೆ ಜಂಬ ಎಂದು ಶಶಿ ಅನ್ನುವುದು ನನಗೆ ಗೊತ್ತು. ತುಟಿ ನೋಡಲು ನನಗೂ ಬರುತ್ತದಪ್ಪ, ಕೊಟ್ರವ್ವನ ಹತ್ತಿರ ಕಲಿತದ್ದು. ಎದುರಿಗೆ ಬಂದು ಮಾತಾಡು. ಕಾವ್ಯಾ, ನಿನಗೂ ಅಷ್ಟೇ. ನಿನ್ನ ಮೇಜಿನ ಮುಂದೆ ಯಾರಾದರೂ ಬಂದು ನಿಂತರೆ, ಅವರಲ್ಲಿ ಏನಿಲ್ಲ ಎಂದು ಕಂಡುಹಿಡಿಯಲು ಜೇಬಿನಿಂದ ಗಡಿಯಾರ ತೆಗೆಯಬೇಡ. ಮುಖ ನೋಡಿ, ಈ ಕೆಲಸ ನಿಮಗೆ ಬರುತ್ತದೆಯೇ, ಮಾಡಿ ತೋರಿಸುತ್ತೀರಾ ಎಂದು ಕೇಳು. ಹೆಬ್ಬೆರಳು ನೋಡುವವರು ಬಂದರೆ ಸ್ವಲ್ಪ ತಡೆದು ಇನ್ನೊಮ್ಮೆ ಕೇಳು.

ಆ ಹರಿಹರದ ಶಾಲು ಇನ್ನೂ ನನ್ನ ಟ್ರಂಕಿನಲ್ಲಿದೆ. ಕೊಟ್ರವ್ವ ಅದನ್ನು ಒಂದು ದಿನವೂ ಹೊದೆಯಲಿಲ್ಲ. ಕಾವ್ಯಾ, ನೀನು ಹುಟ್ಟಿದಾಗ ಮಾತ್ರ ಹೊರಗೆ ತೆಗೆದು, ನಿನ್ನನ್ನು ಅದರಲ್ಲಿ ಸುತ್ತಿ ಎತ್ತಿಕೊಂಡಳು. ನಮ್ಮ ಸಾಹುಕಾರರ ಉದಾರತೆಯನ್ನು ಸರಿಯಾಗಿ ಒದ್ದೆ ಮಾಡಿದವಳು ನೀನೊಬ್ಬಳೇ. ಒಗೆದಿದ್ದೇನೆ, ಚೊಕ್ಕವಾಗಿದೆ. ಈ ಹಾಳೆಗಳನ್ನು ಅದರಲ್ಲೇ ಸುತ್ತಿ, ಇಲಿಗೆ ಸಿಗದ ಕಡೆ ಇಡಿ. ಬಿಡಿಸಿ ಓದುವಾಗ ಜೋರಾಗಿ ಓದಿ. ನನಗೆ ಕೇಳುವುದಿಲ್ಲ, ಕೊಟ್ರವ್ವನಿಗಂತೂ ಕೇಳುವುದೇ ಇಲ್ಲ. ಪಕ್ಕದ ಮನೆಯವರಿಗೆ ಕೇಳಲಿ.

ನಿಮ್ಮ ಅಜ್ಜಿ,
ನೀಲಮ್ಮ